ಕಪ್ಪು ಮೇಣದ ಹೆಬ್ಬೆಟ್ಟು

ಡೋರೀನ್ ಮಾಜುರ್‌ಗೆ ಬೆಳಗ್ಗೆಯಿಂದಲೇ ಮುಖ ಸಿಂಡರಿಸುವಂತಾಗುತ್ತಿತ್ತು. ಬಿಸಿಲಿಗಲ್ಲ, ತಿಂದದ್ದಕ್ಕೂ ಅಲ್ಲ, ಕಂಡದ್ದಕ್ಕೆ.

ಮಿಷಿಗನ್ನಿನ ಫ್ಲಿಂಟ್ ಊರಿನ ಆಚೆ ಇರುವ ಮೈದಾನದಲ್ಲಿ ಕೆಸ್ಟ್ರೆಲ್ ಕಾರುಗಳ ಸಂಘದವರು ಪ್ರತಿ ಆಗಸ್ಟಿನಲ್ಲಿ ಸೇರುತ್ತಾರೆ. ಐವತ್ತು ವರ್ಷ ಹಳೆಯ ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಬಾನೆಟ್ ಎತ್ತಿಟ್ಟು, ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ಹೊಟ್ಟೆಯ ಮೇಲೆ ಕೈ ಕಟ್ಟಿ ಕೂರುತ್ತಾರೆ. ಹಾದು ಹೋಗುವವರು ಬಗ್ಗಿ ಎಂಜಿನ್ ನೋಡಿ ‘ಹ್ಞೂಂ’ ಅನ್ನಬೇಕು. ಅಷ್ಟಕ್ಕೇ ಇವರ ವರ್ಷ ಸಾರ್ಥಕ. ಯಾವ ಕಾರು ಕಾರ್ಖಾನೆಯಿಂದ ಬಂದ ಹಾಗೇ ಇದೆ, ಯಾವುದಕ್ಕೆ ಆಮೇಲೆ ವೇಷ ಹಾಕಿದ್ದಾರೆ ಎಂದು ನೋಡಿ ಹೇಳುವುದು ಡೋರೀನಳ ಕೆಲಸ. ಅವಳು ‘ಅಸಲಿ’ ಅಂದರೆ ಅಸಲಿ. ಇಷ್ಟು ವರ್ಷ ಅವಳ ಮಾತಿಗೆ ಎದುರು ಮಾತು ಇರಲಿಲ್ಲ.

ಅವತ್ತು ಬೆಳಗ್ಗೆ ಅವಳು ನೋಡಿದ ಮೊದಲ ಕಾರಿನವನು ಹೊಚ್ಚ ಹೊಸ ಬೋಲ್ಟುಗಳನ್ನು ವಿನೆಗರಿನಲ್ಲಿ ನೆನೆಹಾಕಿ ತುಕ್ಕು ಹಿಡಿಸಿ ತಂದಿದ್ದ. ಹತ್ತಿರ ಹೋದರೆ ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆದಂತೆ ಮೂಗಿಗೆ ಬಡಿಯಿತು. ಎರಡನೆಯವನು ಮನೆಯ ಕಸದ ಧೂಳನ್ನು ಜರಡಿ ಹಿಡಿದು ಸೀಟಿನ ಕೆಳಗೆ ಉದುರಿಸಿದ್ದ. ಆ ಧೂಳಿನಲ್ಲಿ ಅವನ ನಾಯಿಯ ಕೂದಲಿತ್ತು. ಹಿಂದೆ ಕಾರ್ಖಾನೆಯ ಜನ ಅವಸರದಲ್ಲಿ, ಊಟದ ಗಂಟೆ ಯಾವಾಗ ಹೊಡೆದೀತೆಂದು ಕಾಯುತ್ತ ಕೊಳಕಾಗಿ ಮಾಡಿದ ಕೆಲಸವನ್ನು ಇವರು ಚಳಿಗಾಲವಿಡೀ ಕೂತು ಭಕ್ತಿಯಿಂದ ಅಷ್ಟೇ ಕೊಳಕಾಗಿ ಮಾಡುತ್ತಾರೆ. ಬಣ್ಣ ಸೋರಿದ ಕಡೆ ಸೋರಿಸುತ್ತಾರೆ. ಸೊಟ್ಟಗಿದ್ದದ್ದನ್ನು ಅಳತೆ ಹಿಡಿದು ಸೊಟ್ಟ ಮಾಡುತ್ತಾರೆ. ಒಂದು ಕಾಲದಲ್ಲಿ ಡೋರೀನಳಿಗೆ ಇದು ನಗು ತರಿಸುತ್ತಿತ್ತು. ಈಗ ಕೈ ತೊಳೆದುಕೊಳ್ಳಬೇಕೆನಿಸುತ್ತದೆ.

ಅವಳು ಅವತ್ತು ನಿಜವಾಗಿ ನೋಡಬೇಕಿದ್ದದ್ದು ಒಂದೇ ಕಾರು, ಎಲ್‌ವುಡ್ ಪ್ರಾಟ್‌ನ ಹಸಿರು ಕೆಸ್ಟ್ರೆಲ್. ಎಲ್‌ವುಡ್ ಸತ್ತು ಎರಡು ವರ್ಷವಾಗಿತ್ತು. ಅವನ ಹೆಂಡತಿ ಆರ್ಲೀನ್ ಫೋನು ಮಾಡಿ ಹೇಳಿದ್ದಳು: “ಮಾರಕ್ಕಲ್ಲ ಕಣಮ್ಮ. ಮಾರಲ್ಲ ನಾನು. ಅದರಲ್ಲಿ ಹೀಟರ್ ಹುಟ್ಟಿದಾಗಿನಿಂದ ಇಲ್ಲ ಅಂತ ಅವರೆಲ್ಲರ ಮುಂದೆ ಒಂದು ಸಲ ಹೇಳಿಬಿಡಿ. ನನ್ನ ಗಂಡನ್ನ ಸುಳ್ಳ ಅಂದಿದಾರೆ. ಅದೊಂದು ಮಾತು ಹೋದ್ರೆ ಸಾಕು.”

ಹೀಟರ್ ಇಲ್ಲದ್ದೇ ಆ ಕಾರಿನ ಹೆಚ್ಚುಗಾರಿಕೆ. ಮಿಷಿಗನ್ನಿನ ಚಳಿಯಲ್ಲಿ ಹೀಟರ್ ಇಲ್ಲದ ಕಾರು ಕೊಳ್ಳುವವನಿಗೆ ತಲೆ ನೆಟ್ಟಗಿರುವುದಿಲ್ಲ, ಇಲ್ಲವೇ ಅವನಿಗೆ ಓಟದ ಹುಚ್ಚು. ಭಾರ ಕಡಿಮೆಯಾದಷ್ಟೂ ಕಾರು ಮುಂದೆ ನೆಗೆಯುತ್ತದೆ ಎಂದು ಕೆಲವರು ಹಣ ಕೊಟ್ಟು ‘ಹೀಟರ್ ಬೇಡ’ ಎಂದು ಕೇಳಿ ಮಾಡಿಸಿಕೊಳ್ಳುತ್ತಿದ್ದರು. ಅಂಥ ಕಾರುಗಳು ಬೆರಳೆಣಿಕೆಯಷ್ಟು. ಆದ್ದರಿಂದ ಈಗ ಅವಕ್ಕೆ ಎಲ್ಲಿಲ್ಲದ ಬೆಲೆ. ಬೆಲೆ ಬಂದದ್ದೇ ತಡ, ಊರೂರಲ್ಲಿ ಜನ ತಮ್ಮ ಕಾರಿನ ಹೀಟರ್ ಕಿತ್ತೆಸೆದು ‘ನಮ್ಮದು ಹುಟ್ಟಿದ್ದೇ ಹೀಗೆ’ ಅನ್ನತೊಡಗಿದರು. ಇದ್ದದ್ದನ್ನು ಇದೆ ಎಂದು ತೋರಿಸಬಹುದು. ಇಲ್ಲದ್ದು ಮೊದಲಿನಿಂದಲೂ ಇರಲಿಲ್ಲ ಎಂದು ತೋರಿಸುವುದು ಹೇಗೆ?

ಅದಕ್ಕೆ ದಾರಿ ಕಂಡುಹಿಡಿದವಳು ಡೋರೀನಳೇ. ಎಂಜಿನ್ನಿಗೂ ಸೀಟುಗಳಿಗೂ ನಡುವೆ ಒಂದು ತಗಡಿನ ಗೋಡೆ ಇರುತ್ತದೆ. ಹೀಟರಿನ ಕೊಳವೆ ಹಾಯಲು ಅದರಲ್ಲೊಂದು ತೂತು. ಹೀಟರ್ ಬೇಡವೆಂದ ಕಾರುಗಳಲ್ಲಿ ಆ ತೂತಿಗೆ ಸಣ್ಣ ತಗಡು ಮುಚ್ಚಿ, ಸುತ್ತ ಕಪ್ಪು ಮೇಣ ಮೆತ್ತುತ್ತಿದ್ದರು. ಹಲಸಿನ ಮೇಣದಂತೆ ಅಂಟುವ ಆ ಮೇಣವನ್ನು ಕೆಲಸದವನು ಹೆಬ್ಬೆರಳಿನಿಂದ ಒತ್ತುತ್ತಿದ್ದ. ಒತ್ತಿದ ಗುರುತು ಹಾಗೇ ಗಟ್ಟಿಯಾಗುತ್ತಿತ್ತು. ಡೋರೀನ್ ಮೊದಲು ಕಂಡ ಹೀಟರ್ ಇಲ್ಲದ ಕಾರೆಂದರೆ ಸಂಘದ ಅಧ್ಯಕ್ಷ ಲೈಲ್ ಬ್ರಾಂಡ್ಟ್‌ನ ಕೆಂಪು ಕೆಸ್ಟ್ರೆಲ್. ಅದರ ಮೇಣದಲ್ಲಿ ತುಂಬಿದ, ದುಂಡನೆಯ ಹೆಬ್ಬೆಟ್ಟು ಒತ್ತಿತ್ತು. ಅದರ ಅಡ್ಡಕ್ಕೆ ಒಂದು ಓರೆ ಗೀರು. ಯಾರೋ ಕೆಲಸಗಾರನ ಬೆರಳಿನ ಹಳೆಯ ಗಾಯವಿರಬೇಕು ಎಂದು ಅವಳು ಸಂಘದ ಪತ್ರಿಕೆಯಲ್ಲಿ ಬರೆದಳು. ಅಂಥ ಹೆಬ್ಬೆಟ್ಟು ಇದ್ದರೆ ಅಸಲಿ ಎಂಬುದು ಅಂದಿನಿಂದ ಸಂಘದ ಪುಸ್ತಕದಲ್ಲಿ ನಿಯಮವಾಯಿತು. ಹಳ್ಳಿಯ ಸಾಲಪತ್ರದಲ್ಲಿ ಓದು ಬಾರದವನು ಒತ್ತುವ ಹೆಬ್ಬೆಟ್ಟಿಗೂ ಇಷ್ಟು ಮರ್ಯಾದೆ ಸಿಕ್ಕಿರಲಿಕ್ಕಿಲ್ಲ.

ಹಸಿರು ಕಾರಿನ ಪಕ್ಕದಲ್ಲಿ ಡ್ವೇನ್ ನಿಂತಿದ್ದ. ಹಳೆಯ ಕಾರುಗಳನ್ನು ಹೊಸದು ಮಾಡಿ, ಮತ್ತೆ ಹಳೆಯದು ಮಾಡಿ ಕೊಡುವುದು ಅವನ ಕಸುಬು. ಚಳಿಗಾಲದಲ್ಲಿ ಆರ್ಲೀನ್ ಕಾರನ್ನು ಅವನ ಶೆಡ್ಡಿಗೆ ಬಿಟ್ಟಿದ್ದಳು. ಬೆಳಗ್ಗೆ ಅವನೇ ನೇರವಾಗಿ ಮೈದಾನಕ್ಕೆ ತಂದಿದ್ದ. ಅವಳು ಇನ್ನೂ ಬಂದಿರಲಿಲ್ಲ.

ಡೋರೀನ್ ಟಾರ್ಚು ಹಿಡಿದು ಬಗ್ಗಿದಳು. ಮೇಣದಲ್ಲಿ ತುಂಬಿದ ಹೆಬ್ಬೆಟ್ಟು, ಅದರ ಅಡ್ಡಕ್ಕೆ ಓರೆ ಗೀರು. ಎಲ್ಲ ಪುಸ್ತಕದಲ್ಲಿದ್ದಂತೆ. ಮೂಗು ಹತ್ತಿರ ತಂದು ಮೂಸಿದಳು. ಹೊಸ ಟಾರಿನ ಘಾಟು.

“ಇದನ್ನ ಯಾವಾಗ ಮೆತ್ತಿದ್ದು?” ಎಂದು ಕೇಳಿದಳು.

ಡ್ವೇನ್ ಮುಚ್ಚಿಡಲಿಲ್ಲ. ಹೊಗಳಿಕೆ ಬರುತ್ತದೆಂದು ಕಾಯುತ್ತಿದ್ದವನಂತೆ ಹಲ್ಲು ಬಿಟ್ಟ. “ಮಾರ್ಚಲ್ಲಿ. ಗೊತ್ತಾಗಲ್ಲ ಅಲ್ವಾ? ಆ ಗೀರು ನೋಡಿ, ಬ್ಲೇಡಲ್ಲಿ ಎಳೆದಿದ್ದು. ನೀವು ಬರೆದಿದ್ದ ಹಾಗೇ, ಮೇಲಿಂದ ಎಡಕ್ಕೆ.”

“ಮೊದಲು ಏನಿತ್ತು ಅಲ್ಲಿ?”

“ಅಯ್ಯೋ, ಅದನ್ನ ನೋಡ್ಬೇಕಿತ್ತು ನೀವು. ಹೆಬ್ಬೆಟ್ಟೇ ಅಲ್ಲ ಅದು. ಮೋಟು. ಸಾಸೇಜಿನ ತುದಿ ಒತ್ತಿದ ಹಾಗೆ, ಉಗುರಿಲ್ಲ ಗೆರೆಯಿಲ್ಲ. ಅದಕ್ಕೇ ನೀವು ಬರದಿದ್ದ ವರ್ಷ ಎಲ್‌ವುಡ್ ಇದನ್ನ ತಂದಾಗ ಲೈಲ್ ಅಂಕ ಕಿತ್ತಿದ್ದು. ಈ ಸಲ ‘ಗಾಡಿ ಸರಿ ಮಾಡ್ಸಿ ತಗೊಂಡ್ಬಾ’ ಅಂತ ಆಯಮ್ಮಂಗೆ ಲೈಲೇ ಹೇಳಿದ್ರಂತೆ. ಪೂರಾ ಕೆರೆದು, ಪೆಟ್ರೋಲಲ್ಲಿ ಒರೆಸಿ, ನೀಟಾಗಿ ಕೂರಿಸಿದೀನಿ.”

“ಕೆರೆದಿದ್ದು ಎಲ್ಲಿ?”

“ಎಲ್ಲಿ ಅಂದ್ರೆ? ಕಸಕ್ಕೆ.” ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಇದೇನು ಮೊದಲ್ನೇದಲ್ಲ ಬಿಡಿ. ಹೀಟರ್ ಇಲ್ಲದ ಗಾಡಿ ಇನ್ನೂ ಕೆಲವು ಬಂದಿದ್ವು ನನ್ನ ಹತ್ರ. ಎಲ್ಲದ್ರಲ್ಲೂ ಅದೇ ಮೋಟು. ಕಾರ್ಖಾನೇಲಿ ಯಾವನೋ ಕುಡುಕ ಇದ್ದ ಅನ್ಸುತ್ತೆ, ಮೊಣಕೈಯಲ್ಲಿ ಮೆತ್ತಿದಾನೆ. ಎಲ್ಲಾನೂ ಸರಿ ಮಾಡಿ ಕಳ್ಸಿದೀನಿ.”

ಡೋರೀನ್ ಟಾರ್ಚು ಆರಿಸಿದಳು. ಬೇರೆ ಬೇರೆ ಊರಿನ, ಬೇರೆ ಬೇರೆ ಮಾಲೀಕರ ಕಾರುಗಳು. ಎಲ್ಲದರಲ್ಲೂ ಒಂದೇ ಮೋಟು ಗುರುತು. ಮೋಸಗಾರರು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ತಪ್ಪನ್ನು ಮಾಡುವುದಿಲ್ಲ. ಒಂದೇ ಕೈ ಕೆಲಸ ಮಾಡಿದ್ದರೆ ಮಾತ್ರ ಹಾಗಾಗುತ್ತದೆ. ಅವಳಿಗೆ ಹೇಸಿಗೆ ಬಂತು. ಡ್ವೇನ್ ತನ್ನ ಹೆಬ್ಬೆರಳನ್ನು ಅವಳ ಮುಖದ ಮುಂದೆ ಹಿಡಿದು, “ಇದೇ ನೋಡಿ ಒತ್ತಿದ್ದು” ಎಂದು ತೋರಿಸುತ್ತಿದ್ದ. ಆ ಬೆರಳನ್ನು ಕಚ್ಚಿಬಿಡಬೇಕೆನಿಸಿತು ಅವಳಿಗೆ.

ಮಧ್ಯಾಹ್ನದ ಹೊತ್ತಿಗೆ ಆರ್ಲೀನ್ ಪ್ರಾಟ್ ಬಂದಳು. ಸಣಕಲು ಹೆಂಗಸು, ಎಪ್ಪತ್ತು ದಾಟಿದ ವಯಸ್ಸು. ಆ ಬಿಸಿಲಲ್ಲೂ ಉಣ್ಣೆಯ ತೆಳು ಅಂಗಿಯ ಗುಂಡಿಯನ್ನು ಕತ್ತಿನವರೆಗೆ ಹಾಕಿಕೊಂಡಿದ್ದಳು. ಕಾರಿನ ಬಾಗಿಲನ್ನು ಅಂಗೈಯಿಂದ ಒಮ್ಮೆ ಸವರಿ ಡೋರೀನಳ ಕಡೆ ತಿರುಗಿದಳು.

“ನೋಡಿದ್ರಾ? ಏನಂತೀರಿ?”

“ನೋಡ್ತಾ ಇದೀನಿ,” ಎಂದಳು ಡೋರೀನ್. “ಮೊದಲು ಒಂದು ಕೇಳ್ತೀನಿ. ಎಲ್‌ವುಡ್ ಹೀಟರ್ ಬೇಡ ಅಂತ ಯಾಕೆ ಕೇಳಿದ್ರು? ಓಟದ ಹುಚ್ಚಾ?”

“ಅವನಿಗೆ ಯಾವ ಓಟ. ಚರ್ಚಿಗೆ ಹೋಗುವಾಗಲೂ ಇಬ್ಬದಿ ನೋಡಿ ಗಾಡಿ ಬಿಡ್ತಿದ್ದ.” ಆರ್ಲೀನ್ ನಕ್ಕಳು. “ಅವನ ಕೆಲಸ ಅದಾಗಿತ್ತು ಅಂತ. ಕಾರ್ಖಾನೇಲಿ ಆ ತಗಡು ಮುಚ್ಚಿ ಮೇಣ ಹಾಕೋದು ಇವನೇ. ತನ್ನ ಕೈ ಬಿದ್ದಿರೋ ಗಾಡೀನೇ ಬೇಕು ಅಂತ ಹಟ ಹಿಡಿದ. ಚಳಿಗೆ ನನ್ನ ಕಾಲು ಮರಗಟ್ಟಿ ಹೋಗ್ತಿತ್ತು ಅದರಲ್ಲಿ. ಜನವರೀಲಿ ಕಾಫಿ ಡಬ್ಬೀಲಿ ಮೇಣದಬತ್ತಿ ಹಚ್ಚಿ ಕಾಲ ಹತ್ರ ಇಟ್ಕೊಂಡು ಕೂರ್ತಿದ್ದೆ. ಮಗು ಇದ್ದಾಗ ಅದನ್ನ ಅಂಗಿಯೊಳಗೆ ಹಾಕ್ಕೊಂಡು ಕೂರ್ತಿದ್ದೆ. ಬೈದು ಬೈದು ನನ್ನ ಬಾಯಿ ಬಿದ್ದುಹೋಯ್ತು, ಇವನು ಕೇಳ್ಬೇಕಲ್ಲ.”

“ಆ ಕೆಲಸ ಬೇರೆ ಯಾರು ಮಾಡ್ತಿದ್ರು? ಸಂಜೆ ಪಾಳಿಯವರು?”

“ಯಾರೂ ಇಲ್ಲ. ಅಂಥ ಗಾಡಿ ಬರ್ತಾ ಇದ್ದದ್ದೇ ಯಾವಾಗಲೋ ಒಂದು. ಬಂದಾಗ ‘ಲೇ ಮೋಟಾ, ನಿನ್ನ ಗಾಡಿ ಬಂತು’ ಅಂತ ಕೂಗೋರಂತೆ. ಅವನಿಗೆ ಅಲ್ಲಿ ಅದೇ ಹೆಸರು.”

“ಮೋಟಾ?”

ಆರ್ಲೀನ್ ತನ್ನ ಬಲಗೈ ಎತ್ತಿ ಹೆಬ್ಬೆರಳನ್ನು ಗೆಣ್ಣಿನ ಹತ್ತಿರ ಮಡಚಿ ತೋರಿಸಿದಳು. “ಮದುವೆಗೆ ಮುಂಚೆ ಒತ್ತುಯಂತ್ರದಲ್ಲಿ ತುದಿ ಹೋಗಿತ್ತು. ಭಾರದ ಕೆಲಸ ಆಗಲ್ಲ ಅಂತ ಮೇಣಕ್ಕೆ ಹಾಕಿದ್ರು. ಆ ಕೈನ ಜನರ ಮುಂದೆ ಜೇಬಿಂದ ತೆಗೀತಾನೇ ಇರ್ಲಿಲ್ಲ ಅವನು. ಅವತ್ತು ಲೈಲ್ ಎಲ್ಲರೆದುರು ‘ಹೆಬ್ಬೆಟ್ಟು ಸರಿಯಿಲ್ಲ, ಹೀಟರ್ ನೀನೇ ಕಿತ್ತಿದೀಯ’ ಅಂದಾಗ್ಲೂ ತೆಗೀಲಿಲ್ಲ. ಕೈ ಎತ್ತಿ ತೋರ್ಸಿದ್ರೆ ಮುಗೀತಿತ್ತು. ಸುಮ್ಮನೆ ಬಾನೆಟ್ ಮುಚ್ಚಿ ಮನೆಗೆ ಬಂದ. ಮತ್ತೆ ಈ ಮೈದಾನಕ್ಕೆ ಕಾಲಿಡ್ಲಿಲ್ಲ.” ಅವಳು ಕಾರಿನ ಮುಂಭಾಗಕ್ಕೆ ನಡೆದಳು. “ಅವನು ಹೋದ್ಮೇಲೆ ಆಗಾಗ ನಾನು ಗ್ಯಾರೇಜಿಗೆ ಹೋಗಿ ಅದರ ಮೇಲೆ ಬೆರಳಿಟ್ಟು ಬರ್ತಿದ್ದೆ. ಹುಚ್ಚು ಅನ್ನಿ. ಸರಿಯಾಗಿ ಕೂರೋದು ನನ್ನ ಬೆರಳು ಅಲ್ಲಿ.”

ಡೋರೀನಳಿಗೆ ಅವಳನ್ನು ತಡೆಯಲು ಸಾಧ್ಯವಾಗಲಿಲ್ಲ. ಆರ್ಲೀನ್ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದಳು. ಕೈ ಚಾಚಿ ಮೇಣ ಮುಟ್ಟಿದಳು. ಕೈಯನ್ನು ಬಿಸಿ ತಾಗಿದಂತೆ ಹಿಂದಕ್ಕೆ ಎಳೆದುಕೊಂಡಳು.

“ಇದು ಅವನದ್ದಲ್ಲ,” ಎಂದಳು.

“ಅಲ್ಲ.”

“ಯಾರದ್ದಿದು?”

ಡ್ವೇನ್ ಮುಂದೆ ಬಂದು, “ನನ್ನದಮ್ಮಾ, ನಿಯಮದ ಪ್ರಕಾರಾನೇ ಇದೆ, ಚಿಂತೆ ಮಾಡ್ಬೇಡಿ,” ಎಂದ. ಆರ್ಲೀನ್ ಅವನನ್ನು ನೋಡಿದ ರೀತಿಗೆ ಅವನು ಇದ್ದಕ್ಕಿದ್ದಂತೆ ಟೋಪಿ ತೆಗೆದ. ಏನು ತಪ್ಪಾಯಿತೆಂದು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಅವನನ್ನು ಬೈಯಲೂ ಡೋರೀನಳಿಗೆ ಮನಸ್ಸಾಗಲಿಲ್ಲ. ಅವನು ಮಾಡಿದ್ದು ಅವಳು ಬರೆದದ್ದನ್ನೇ. ಅಸಲಿ ಕಾರನ್ನು ಅಸಲಿಯ ಹಾಗೆ ಕಾಣಿಸಲು ಅದರ ಅಸಲಿತನವನ್ನೇ ಕೆರೆದು ಕಸಕ್ಕೆ ಹಾಕುವ ಬುದ್ಧಿ ಭೂಮಿಯ ಮೇಲೆ ಬೇರೆ ಯಾರಿಗಿದ್ದೀತು. ಅದು ತಮ್ಮ ಜನರಿಗೇ ಮೀಸಲು. ಅದನ್ನು ಕಲಿಸಿದವಳು ತಾನು.

ಆಮೇಲೆ ಅವಳಿಗೆ ಇನ್ನೊಂದು ಹೊಳೆಯಿತು. ಮೇಣ ಹಾಕುವವನು ಎಲ್‌ವುಡ್ ಒಬ್ಬನೇ ಆಗಿದ್ದರೆ, ನಿಜವಾದ ಕಾರುಗಳಲ್ಲೆಲ್ಲ ಮೋಟು ಗುರುತೇ ಇರಬೇಕು. ಹಾಗಾದರೆ ತಾನು ಮೊದಲು ಕಂಡ ಆ ತುಂಬಿದ ಹೆಬ್ಬೆಟ್ಟು ಯಾರದ್ದು?

ಲೈಲ್ ಬ್ರಾಂಡ್ಟ್‌ನ ಕೆಂಪು ಕಾರು ವೇದಿಕೆಯ ಪಕ್ಕದಲ್ಲಿ, ಹಗ್ಗ ಕಟ್ಟಿದ ಆವರಣದೊಳಗೆ ನಿಂತಿತ್ತು. ಜನ ಅದರ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಡೋರೀನ್ ಹಗ್ಗ ದಾಟಿ ಒಳಗೆ ಹೋಗಿ ಬಗ್ಗಿದಳು. ಅದೇ ದುಂಡು, ಅದೇ ಓರೆ ಗೀರು. ಇಷ್ಟು ವರ್ಷ ಈ ಗುರುತನ್ನು ಅವಳು ಕಣ್ಣು ಮುಚ್ಚಿದರೂ ಬರೆಯಬಲ್ಲವಳಾಗಿದ್ದಳು.

“ಏನಮ್ಮ, ಹಳೇ ಪ್ರೀತಿ ನೆನಪಾಯ್ತಾ?” ಹಿಂದಿನಿಂದ ಲೈಲ್ ಬಂದ. ಎತ್ತರದ ಆಳು, ಬಿಳಿ ಗಡ್ಡ, ಸಂಘದ ಬಿಲ್ಲೆ ಹೊಳೆಯುವ ಅಂಗಿ. ಕೈಯಲ್ಲಿ ಅರ್ಧ ತಿಂದ ಹಾಟ್‌ಡಾಗ್. ಸಾಸಿವೆ ಗೊಜ್ಜು ಬೆರಳಿಗೆ ಇಳಿದಿತ್ತು. “ಪ್ರಾಟ್ ಹೆಂಡ್ತಿ ಗಾಡಿ ನೋಡ್ದ್ಯಾ? ಡ್ವೇನ್ ಚೆನ್ನಾಗಿ ಮಾಡಿದಾನಂತೆ. ಪಾಸ್ ಮಾಡ್ಬಿಡು, ಪಾಪ ಮುದುಕಿ.”

ಹೇಳುತ್ತ ಅವನು ಹೆಬ್ಬೆರಳನ್ನು ಬಾಯಿಗಿಟ್ಟು ಗೊಜ್ಜು ನೆಕ್ಕಿ ತೆಗೆದ. ಬೆರಳು ಒದ್ದೆಯಾಗಿ ಬಿಸಿಲಲ್ಲಿ ಮಿನುಗಿತು. ಅದರ ಅಡ್ಡಕ್ಕೆ ಮೇಲಿನಿಂದ ಬಲಕ್ಕೆ, ಮೇಣಕ್ಕೆ ಒತ್ತಿದರೆ ಎಡಕ್ಕೆ ಬೀಳುವಂತೆ, ಬಿಳಿಯ ಓರೆ ಗಾಯದ ಕಲೆ.

ಎಷ್ಟು ಸಲ ಆ ಕೈ ಕುಲುಕಿದ್ದಳೋ. ಒಂದು ಸಲವೂ ನೋಡಿರಲಿಲ್ಲ.

“ಆ ಗಾಯ ಹೇಗಾಯ್ತು ಲೈಲ್?”

“ಇದಾ? ಹುಡುಗ ಇದ್ದಾಗ. ಜಿಂಕೆ ಚರ್ಮ ಸುಲಿಯೋವಾಗ ಅಪ್ಪನ ಚಾಕು...” ಅಲ್ಲಿಗೆ ಮಾತು ನಿಂತಿತು. ಅವನ ಕಣ್ಣು ಅವಳ ಮುಖದಿಂದ ಎತ್ತಿದ ಬಾನೆಟ್ಟಿಗೆ ಹೋಗಿ, ಅಲ್ಲಿಂದ ನೆಲಕ್ಕೆ ಇಳಿಯಿತು. ಹಾಟ್‌ಡಾಗನ್ನು ಎಡಗೈಗೆ ಬದಲಿಸಿಕೊಂಡು ಬಲಗೈಯನ್ನು ಮೆಲ್ಲಗೆ ಪ್ಯಾಂಟಿನ ಜೇಬಿಗೆ ಇಳಿಸಿದ.

ಸುಳ್ಳು ಹೇಳಿದ್ದಕ್ಕಿಂತ ಹೆಚ್ಚಾಗಿ, ದುಂಡು ಗುರುತು ತನ್ನದೇ ಎಂದು ಬಲ್ಲ ಅವನು ಅಂದು ಎಲ್‌ವುಡ್‌ನ ಮೋಟು ಗುರುತು ಕಂಡ ಕೂಡಲೇ ಅದು ಅಸಲಿ ಎಂದು ಗೊತ್ತಾಗಿಯೇ ಅವನನ್ನು ಸುಳ್ಳನನ್ನಾಗಿ ಮಾಡಿದ್ದ ಎಂಬುದು ಡೋರೀನಳಿಗೆ ಹೇಸಿಗೆ ತರಿಸಿತು. ಆಮೇಲೆ ಅವಳ ಹೆಸರಿನ ನಿಯಮವನ್ನೇ ಪೊರಕೆ ಮಾಡಿಕೊಂಡು ಉಳಿದವರ ಗುರುತುಗಳನ್ನೂ ಗುಡಿಸಿಹಾಕಿದ್ದ.

“ಎಲ್ಲಾರೂ ಹೀಟರ್ ಕಿತ್ತು ಮೇಣ ಮೆತ್ತುತ್ತಿದ್ರು ಆಗ,” ಎಂದ ಲೈಲ್ ತಗ್ಗಿದ ದನಿಯಲ್ಲಿ. “ನೀನು ಅದನ್ನ ಪತ್ರಿಕೇಲಿ ಹಾಕ್ತೀಯ ಅಂತ ನನಗೇನು ಗೊತ್ತಿತ್ತು? ನೋಡು, ಆಯಮ್ಮಂಗೆ ಏನು ಬೇಕು, ‘ಅಸಲಿ’ ಅಂತ ಒಂದು ಮಾತು ತಾನೇ. ಈಗಲೇ ಹೇಳ್ತೀನಿ, ಮೈಕಲ್ಲೇ ಹೇಳ್ತೀನಿ. ಪೂರ್ತಿ ಅಂಕ. ಆಯ್ತಲ್ಲ?”

ಅವಳು ತಿರುಗಿ ಹಗ್ಗ ದಾಟಿ ಹೊರಟಳು. ಅವನು ಅದನ್ನೇ ಒಪ್ಪಿಗೆ ಎಂದುಕೊಂಡು, ಹಾಟ್‌ಡಾಗನ್ನು ಕಸದ ಡಬ್ಬಿಗೆ ಎಸೆದು ವೇದಿಕೆಯ ಕಡೆ ಅವಸರದಿಂದ ನಡೆದ.

ಡೋರೀನ್ ಹಸಿರು ಕಾರಿನ ಹತ್ತಿರ ಮರಳಿ ಬಂದಳು. ಆರ್ಲೀನ್ ಬಾನೆಟ್ಟಿನ ಅಂಚು ಹಿಡಿದು ಅಲ್ಲೇ ನಿಂತಿದ್ದಳು. ಡೋರೀನ್ ಎಲ್ಲವನ್ನೂ ಹೇಳಿದಳು, ಏನನ್ನೂ ಬಿಡಲಿಲ್ಲ. ನಿಯಮ ತನ್ನದೆಂಬುದನ್ನು ಎರಡು ಸಲ ಹೇಳಿದಳು.

ಆರ್ಲೀನ್ ಬಾನೆಟ್ಟಿನ ಅಂಚು ಬಿಟ್ಟು ಅವಳ ಕಡೆ ತಿರುಗಿದಳು. “ಹಾಗಾದ್ರೆ ಈಗ ಸರಿಯಾಗಿ ಬರೀರಿ,” ಎಂದಳು. “ಮೋಟು ಇದ್ದದ್ದೇ ಅಸಲಿ ಅಂತ ಬರೀರಿ. ಅವನ ಹೆಸರು ಹಾಕಿ.”

“ಬರೆದ್ರೆ ಏನಾಗುತ್ತೆ ಗೊತ್ತಾ? ಬರೋ ವರ್ಷದ ಹೊತ್ತಿಗೆ ಈ ಮೈದಾನದಲ್ಲಿರೋ ಪ್ರತಿ ಕಾರಲ್ಲೂ ಮೋಟು ಹೆಬ್ಬೆಟ್ಟು ಇರುತ್ತೆ. ಅದಕ್ಕೆ ಅಂತಲೇ ರಬ್ಬರಿನ ಅಚ್ಚು ಮಾಡಿ ಮಾರ್ತಾರೆ. ಎಲ್‌ವುಡ್ ಬೆರಳು ಅಂತ ಹೆಸರಿಡ್ತಾರೆ ಅದಕ್ಕೆ.”

ಆರ್ಲೀನ್ ಮುಖ ಕಿವುಚಿದಳು. ಗಂಡನ ತುಂಡು ಬೆರಳು ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ನೇತಾಡುವುದು ಅವಳಿಗೆ ಕಂಡಿರಬೇಕು. “ಥೂ,” ಎಂದಳು. ಅದಕ್ಕಿಂತ ಸರಿಯಾದ ಮಾತು ಅವತ್ತಿಡೀ ಆ ಮೈದಾನದಲ್ಲಿ ಯಾರೂ ಆಡಿರಲಿಲ್ಲ.

ಅಷ್ಟರಲ್ಲಿ ವೇದಿಕೆಯ ಮೈಕು ಗೊರಗೊರ ಅಂದಿತು. ಲೈಲ್‌ನ ದನಿ ಮೈದಾನದ ತುಂಬ ಹರಡಿತು. “ಗೆಳೆಯರೇ, ಒಂದು ಸಂತೋಷದ ಸುದ್ದಿ. ನಮ್ಮ ಎಲ್‌ವುಡ್ ಪ್ರಾಟ್ ಅವರ ಹಸಿರು ಕೆಸ್ಟ್ರೆಲ್ ಅಸಲಿ ಅಂತ ಇವತ್ತು ಸಂಘ ತೀರ್ಮಾನಿಸಿದೆ. ಹೀಟರ್ ಹುಟ್ಟಿದಾಗಿನಿಂದಲೇ ಇಲ್ಲ. ಮೇಣದ ಹೆಬ್ಬೆಟ್ಟು ಸ್ಪಷ್ಟವಾಗಿದೆ, ಪುಸ್ತಕದಲ್ಲಿ ಇರೋ ಹಾಗೇ ಇದೆ. ಎಲ್ಲರೂ ಹೋಗಿ ನೋಡಿ.”

ಜನ ಚಪ್ಪಾಳೆ ತಟ್ಟಿ ಕುರ್ಚಿಗಳಿಂದ ಎದ್ದರು. ಹಸಿರು ಕಾರಿನ ಸುತ್ತ ಗುಂಪು ಕೂಡತೊಡಗಿತು. ಆರ್ಲೀನ್ ಇಷ್ಟು ವರ್ಷ ಕಾದಿದ್ದ ಮಾತು ಅದೇ. ಅವಳ ಗಂಡನನ್ನು ಸುಳ್ಳ ಅಂದವನ ಬಾಯಿಂದಲೇ, ಎಲ್ಲರ ಕಿವಿಗೂ ಬೀಳುವಂತೆ ಬಂದಿತ್ತು. ಸುಮ್ಮನಿದ್ದರೆ ಸಾಕಿತ್ತು, ಎಲ್‌ವುಡ್ ಗೆದ್ದ ಹಾಗೆ.

ಅವಳು ಕೈಚೀಲ ತೆರೆದು ಮನೆಯ ಬೀಗದ ಕೈ ತೆಗೆದಳು. ಎಂಜಿನ್ನಿನ ಮೇಲೆ ಬಗ್ಗಿ ಮೇಣಕ್ಕೆ ಅದನ್ನು ಚುಚ್ಚಿ ಕೆರೆಯತೊಡಗಿದಳು. ಹೊಸ ಮೇಣ, ಕಷ್ಟವಿಲ್ಲದೆ ಪದರ ಪದರವಾಗಿ ಬಂತು. ಗುಂಪಿನಲ್ಲಿ ಯಾರೋ ಉಸಿರು ಎಳೆದುಕೊಂಡರು. ಒಬ್ಬ ಅವಳ ತೋಳು ಹಿಡಿಯಲು ಬಂದ. ಡೋರೀನ್ ಅವನನ್ನು ಪಕ್ಕಕ್ಕೆ ತಳ್ಳಿ, ತನ್ನ ಕೊರಳಲ್ಲಿದ್ದ ಪರೀಕ್ಷಕರ ಬಿಲ್ಲೆ ಕಿತ್ತು, ಅದರ ಅಂಚಿನಿಂದ ಇನ್ನೊಂದು ಬದಿ ಕೆರೆದಳು.

ಲೈಲ್‌ಗೆ ವೇದಿಕೆಯಿಂದ ಕಂಡಿತು. “ಏಯ್, ಏನ್ಮಾಡ್ತಿದೀರಿ, ಹಿಡೀರಿ ಅವರನ್ನ. ಅದು ಅಸಲಿ ಗುರುತು.”

ಡೋರೀನ್ ಸೊಂಟ ನೆಟ್ಟಗೆ ಮಾಡಿ ನಿಂತಳು. ಕಿರುಚುವ ಅಭ್ಯಾಸ ಅವಳಿಗಿರಲಿಲ್ಲ, ಆದರೆ ಅವಳ ದನಿ ಸಣ್ಣದೂ ಅಲ್ಲ. “ಯಾರ ಗುರುತು ಲೈಲ್? ಮೈಕಲ್ಲೇ ಹೇಳು. ಆ ಗೀರು ಯಾರ ಬೆರಳಿನದ್ದು, ಕೈ ಎತ್ತಿ ತೋರ್ಸು, ಎಲ್ಲಾರೂ ನೋಡ್ಲಿ.”

ಜನ ವೇದಿಕೆಯ ಕಡೆ ತಿರುಗಿದರು. ಮೈಕು ಇನ್ನೂ ಹತ್ತಿಯೇ ಇತ್ತು. ಅವನ ಉಸಿರು ಮಾತ್ರ ಕೇಳುತ್ತಿತ್ತು. ಎಡಗೈಯಲ್ಲಿ ಮೈಕು. ಬಲಗೈ ಜೇಬಿನಿಂದ ಹೊರಗೆ ಬರಲಿಲ್ಲ. ಡ್ವೇನ್ ಬಾಯಿ ತೆರೆದು ಒಮ್ಮೆ ಅವನನ್ನೂ ಒಮ್ಮೆ ತನ್ನ ಹೆಬ್ಬೆರಳನ್ನೂ ನೋಡಿದ. ಆಮೇಲೆ ಯಾರೋ ಹೋಗಿ ಮೈಕಿನ ಗುಂಡಿ ಆರಿಸಿದರು. ಗುಂಪು ಒಬ್ಬರ ಮುಖ ಒಬ್ಬರು ನೋಡದೆ ಕರಗಿತು. ಕೆಲವರು ತಮ್ಮ ಕಾರುಗಳ ಬಾನೆಟ್ ಮುಚ್ಚುವ ಸದ್ದು ಕೇಳಿಸಿತು.

ಆರ್ಲೀನ್ ತಗಡನ್ನು ಕಿತ್ತು ಕೈಯಲ್ಲಿ ಹಿಡಿದಳು. ಅದರ ಹಿಂದೆ ತೂತು ಕಪ್ಪಗೆ ಬಾಯಿ ಬಿಟ್ಟಿತ್ತು. ಅದರ ಅಂಚನ್ನೆಲ್ಲ ಹೆಬ್ಬೆರಳಿನಿಂದ ಸವರಿ ಸವರಿ ನೋಡಿದಳು. ಡ್ವೇನ್ ಕೆಲಸ ಶುದ್ಧವಾಗಿ ಮಾಡುವವನು. ಹಳೆಯ ಮೇಣದ ಒಂದು ಚೂರೂ ಉಳಿದಿರಲಿಲ್ಲ.

ಡೋರೀನ್ ಕೈಗೆ ಹತ್ತಿದ ಮೇಣವನ್ನು ಹುಲ್ಲಿಗೆ ಉಜ್ಜಿದಳು, ಪ್ಯಾಂಟಿಗೆ ಉಜ್ಜಿದಳು. ಅದು ಹೋಗಲಿಲ್ಲ. “ತೂತಿಗೆ ಏನಾದ್ರೂ ಮುಚ್ಚಿ ಕೊಡ್ಲಾ?” ಎಂದು ಕೇಳಿದಳು. “ಹಾಗೇ ಓಡ್ಸಿದ್ರೆ ಗಾಳಿ ನೇರ ಕಾಲಿಗೆ ಹೊಡೆಯುತ್ತೆ.”

ಆರ್ಲೀನ್ ಬಾನೆಟ್ ಇಳಿಸಿ, ಎರಡೂ ಅಂಗೈ ಊರಿ ಅದನ್ನು ಒತ್ತಿ ಮುಚ್ಚಿದಳು.

“ಹೊಡೀಲಿ ಬಿಡಿ,” ಎಂದಳು. “ಈ ಗಾಡೀಲಿ ಚಳಿ ಒಂದಾದ್ರೂ ಅಸಲಿ ಇರ್ಲಿ.”